ತಟ್ಟಿ ನೋಡುವ ನಾಣ್ಯ

ದಡದ ಶೆಡ್ಡಿನಲ್ಲಿ ಒಡೆದ ಫೈಬರ್ ದೋಣಿಗಳನ್ನು ಸರಿಮಾಡುವ ಅವನನ್ನು ಎಲ್ಲರೂ ಫೈಬರಣ್ಣ ಎಂದೇ ಕರೆಯುತ್ತಿದ್ದರು. ಗಾಜಿನ ನೂಲಿನ ಬಟ್ಟೆಯನ್ನು ಅಂಟಿನಲ್ಲಿ ನೆನೆಸಿ, ಪದರದ ಮೇಲೆ ಪದರ ಕೂರಿಸಿ ತೇಪೆ ಹಾಕುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಬಿರುಕಿನಾಚೆ, ಕಣ್ಣಿಗೆ ಕಾಣದಂತೆ ಒಳಪದರಗಳು ಎಲ್ಲಿಯವರೆಗೆ ಬಿಟ್ಟುಕೊಂಡಿವೆ ಎಂದು ತಿಳಿಯುವುದೇ ಕಷ್ಟ. ಅದಕ್ಕೆ ಅವನ ಬಳಿ ಇದ್ದದ್ದು ಒಂದು ಸವೆದ ನಾಣ್ಯ. ತಟ್ಟುತ್ತ ಹೋದರೆ ಗಟ್ಟಿಯಿದ್ದಲ್ಲಿ ಟಣ್ ಎನ್ನುತ್ತದೆ, ಪದರ ಬಿಟ್ಟಲ್ಲಿ ಡಬ್ ಎನ್ನುತ್ತದೆ. ಡಬ್ ಎಂದಷ್ಟನ್ನೂ ಉಜ್ಜಿ ತೆಗೆಯಬೇಕು.

ಆ ದಿನ ಬೋರಲು ಹಾಕಿದ್ದು ತಮ್ಮನ ದೋಣಿ. ಬಂಡೆಗೆ ತಗುಲಿ ಹೊಟ್ಟೆಯ ಬಳಿ ಬಿರುಕು ಬಿಟ್ಟಿತ್ತು. ಫೈಬರಣ್ಣ ಸುತ್ತಲೂ ತಟ್ಟಿ, ಅಂಗೈ ಅಗಲದ ಜಾಗಕ್ಕೆ ಸೀಮೆಸುಣ್ಣದ ಗೆರೆ ಎಳೆದ.

"ಇಷ್ಟೇ ಕಣೋ. ನಾಳಿದ್ದು ನೀರಿಗಿಳಿಸು."

ಬುತ್ತಿ ತಂದಿದ್ದ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಅಲ್ಲಾ ರೀ, ಗೆರೆ ಆಚೆ ತಟ್ಟಿದ್ರಲ್ಲ, ಅಲ್ಲೂ ಡಬ್ ಅಂತು."

"ಹಾಗಾದ್ರೆ ನೀನಿಲ್ಲಿ ಕೂತ್ಕೊ. ನಾನು ಹೋಗಿ ಅಡುಗೆ ಮಾಡ್ತೀನಿ."

ತಮ್ಮ ನಕ್ಕ. "ಅತ್ತಿಗೆ, ಅಣ್ಣನ ಕಿವಿ ಮೇಲೆ ಅನುಮಾನ ಪಡೋದಾ? ಅವನ ಮಾತು ನಂಬಿಕೊಂಡೇ ನಾನು ನೀರಿಗಿಳಿಯೋದು."

ಫೈಬರಣ್ಣನಿಗೆ ನಗು ಬರಲಿಲ್ಲ. ವರ್ಷಗಟ್ಟಲೆ ಕಿವಿಯ ಪಕ್ಕದಲ್ಲೇ ಅರಚಿದ ಉಜ್ಜುವ ಯಂತ್ರ ಕೇಳುವ ಶಕ್ತಿಯಲ್ಲಿ ತನ್ನ ಪಾಲು ಕಿತ್ತುಕೊಂಡಿರುವುದು ಅವನಿಗೆ ಗೊತ್ತಿತ್ತು. ಹೇಳಿದರೆ ಯಾರು ದೋಣಿ ತರುತ್ತಾರೆಂದು ಬಾಯಿ ಬಿಟ್ಟಿರಲಿಲ್ಲ. ತಮ್ಮನ ಕೈ ಮಾತ್ರ ದೋಣಿಯ ಬೆನ್ನನ್ನು ದನ ಸವರಿದಂತೆ ಸವರುತ್ತಲೇ ಇತ್ತು.

ಫೈಬರಣ್ಣ ಸೀಮೆಸುಣ್ಣವನ್ನು ಹೆಂಡತಿಯ ಕಡೆ ಚಾಚಿದ. "ನಾನು ತಟ್ತೀನಿ. ನೀನು ಗೆರೆ ಎಳಿ."

ಅವಳು ಉಸಿರು ಬಿಗಿಹಿಡಿದು ಆಲಿಸಿದಳು. ಗೆರೆ ಮೊಳದುದ್ದ ಹೋಗಿ ನಿಂತಿತು. ಅಲ್ಲಿ ಉಜ್ಜಿದರೆ, ಬೆಳ್ಳಗಾದ ಪದರಗಳ ನಡುವಿನಿಂದ ನೀರು ಜಿನುಗಿತು. ತಮ್ಮನ ಕೈ ನಿಂತುಬಿಟ್ಟಿತು.

"ಕಿವಿ ಸೋತಿದೆ ಕಣೋ" ಎಂದ ಫೈಬರಣ್ಣ. "ಹೇಳೋಕೆ ಬಾಯಿ ಬರ್ಲಿಲ್ಲ."

"ನಾನು ಕರೆದಾಗೆಲ್ಲ ಬೇಕಂತ್ಲೇ ಸುಮ್ಮನಿರ್ತೀರ ಅಂತ ಬೈಕೊಂಡಿದ್ದೆ" ಎಂದಳು ಹೆಂಡತಿ, ಮೆಲ್ಲಗೆ. ಅದು ಅವನಿಗೆ ಕೇಳಿಸಲಿಲ್ಲ. ಅವಳು ಹತ್ತಿರ ಬಂದು ದನಿಯೇರಿಸಿದಳು: "ದೇವರು ಮನೆಗೆ ನಾಲ್ಕು ಕಿವಿ ಕೊಟ್ಟಿದ್ದಾನೆ. ಇನ್ನೂ ಎರಡು ಇದೆ."

"ಹಾಗಾದ್ರೆ ನೀರಿಗೆ ಇಳಿಸೋದು ಯಾವಾಗ?" ಎಂದು ಕೇಳಿದ ತಮ್ಮ.

ಫೈಬರಣ್ಣ ನಾಣ್ಯವನ್ನು ಅಂಗಿಗೆ ಒರೆಸಿಕೊಂಡ. "ನಿಮ್ಮತ್ತಿಗೆ ಹೂಂ ಅಂದ ದಿನ."