ಕೀಲಿ ಮೊದಲು, ಚಹಾ ಆಮೇಲೆ

ಅವಳು ಬರದೇ ಇರಬಹುದಿತ್ತು. ಬಂದರೂ ರಾಜೀನಾಮೆ ಬರೆದುಕೊಂಡೇ ಬರಬಹುದಿತ್ತು. ಮಾತಿನ ನಡುವೆ ಅವಳು ಅತ್ತು, ಅದನ್ನು ನೋಡಿ ನಾನೂ ಅತ್ತುಬಿಡಬಹುದಿತ್ತು. ಅದೇ ಹೊತ್ತಿಗೆ ಒಳಗೆ ಯಾರೋ ಕಿಟಕಿ ಒಡೆಯಬಹುದಿತ್ತು. ಏನಿಲ್ಲವೆಂದರೂ ಚಹಾದ ಹಾಲು ಒಡೆಯಬಹುದಿತ್ತು. ಬೆಳಿಗ್ಗೆ ಬ್ಯಾಡಗಿಯಿಂದ ಹಾವೇರಿ ಮುಟ್ಟುವಷ್ಟರಲ್ಲಿ ಇವೆಲ್ಲ ನನ್ನ ತಲೆಯಲ್ಲಿ ಎರಡೆರಡು ಸಲ ನಡೆದುಹೋಗಿದ್ದವು. ಮನೋರೋಗಿಗಳ ವಾರ್ಡಿನಲ್ಲಿ ನರ್ಸ್ ನಾನು. ಕಂಡವರಿಗೆಲ್ಲ ‘ಚಿಂತಿ ಮಾಡಬ್ಯಾಡ್ರಿ’ ಎಂದು ಹೇಳುವುದೇ ಉದ್ಯೋಗ.

ಹಿಂದಿನ ದಿನ ರೋಗಿಯೊಬ್ಬಳು ನಮ್ಮ ಕಿರಿಯ ನರ್ಸ್‌ಗೆ ಕಪಾಳಕ್ಕೆ ಹೊಡೆದಿದ್ದಳು. ‘ಸಾಕಾತ್ರಿ ಈ ಕೆಲಸ’ ಎಂದು ಹುಡುಗಿ ಮನೆಗೆ ಹೋಗಿದ್ದಳು. ಇಂಥದ್ದನ್ನು ನಿಭಾಯಿಸುವ ಹಿರಿಯ ಸಿಸ್ಟರ್, ಮಗಳ ಬಾಣಂತನಕ್ಕೆಂದು ರಾಣೆಬೆನ್ನೂರಿನಲ್ಲಿದ್ದರು. ಹಾಗಾಗಿ ಅವಳ ಪಾಲಿಗೆ ಬಂದವನು ನಾನು.

ಹಿರಿಯ ಸಿಸ್ಟರ್ ಹಾಕಿಕೊಟ್ಟ ಪದ್ಧತಿ ಯಾವ ತರಬೇತಿಯಲ್ಲೂ ನನಗೆ ಸಿಕ್ಕಿಲ್ಲ. ಮಧ್ಯಾಹ್ನ ಪಾಳಿ ಬದಲಾಗುವಾಗ, ಹೋಗುವವರು ಮೊದಲು ಔಷಧ ಕಪಾಟಿನ ಕೀಲಿ ಒಪ್ಪಿಸಬೇಕು. ‘ಕೀಲಿ ಕಿಸೆದಾಗ ಇದ್ರ ಮನಸು ವಾರ್ಡಿನ್ಯಾಗ ಇರತೈತಿ’ ಎನ್ನುತ್ತಿದ್ದರು. ಆಮೇಲೆ ಸರದಿಯಂತೆ ಹಿಂದಿನ ಕಟ್ಟೆಯ ಮೇಲೆ ಹತ್ತು ನಿಮಿಷ ಚಹಾ. ಅಂದಿನ ನೋವನ್ನು ಹೇಳಿಕೊಳ್ಳಬಹುದು. ಕೇಳಿದವರು ಬುದ್ಧಿ ಹೇಳಬಾರದು. ಹೇಳಿದರೆ ಮರುದಿನ ಎಲ್ಲರ ಲೋಟ ತೊಳೆಯಬೇಕು. ಲೋಟ ತೊಳೆಯುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ.

ಎರಡು ಗಂಟೆಗೆ, ನನ್ನ ಪಾಳಿ ಮುಗಿಯುವ ಹೊತ್ತಿಗೆ, ಹುಡುಗಿ ಬಂದಳು. ಬಾಗಿಲಲ್ಲೇ ಅವಳನ್ನು ಹಿಡಿದು ಕಟ್ಟೆಗೆ ಕರೆದೊಯ್ದೆ. ಹಾಲು ಒಡೆದಿರಲಿಲ್ಲ.

“ಆಕಿಗೆ ತಿಳಿಯಂಗಿಲ್ಲ ಅಂತ ನನಗ ಗೊತ್ತೈತ್ರಿ ಅಣ್ಣಾರ,” ಎಂದಳು. “ನನ್ನ ಗಲ್ಲಕ್ಕ ಗೊತ್ತಿಲ್ಲಲ್ರಿ.”

ನಾಲಿಗೆಯ ತುದಿಗೆ ಬಂದಿದ್ದ ಉಪದೇಶವನ್ನು ಬಿಸಿ ಚಹಾದೊಂದಿಗೆ ನುಂಗಿದೆ. ಗಂಟಲು ಸುಟ್ಟಿತು.

“ಇವತ್ತ ಆಕಿ ಮಂಚದ ಹತ್ರ ಹೋಗಾಕ ಅಂಜಿಕಿ ಬರತೈತ್ರಿ.”

ಪಕ್ಕದಲ್ಲಿದ್ದ ಆಯಾ ಬಾಯಿ ಒರೆಸಿಕೊಂಡಳು. “ನಿನ್ನ ಜೋಡಿ ನಾ ಬರ್ತೇನಿ ತಗೋ ಯವ್ವಾ. ಇದು ಬುದ್ಧಿಮಾತಲ್ಲ ಮತ್ತ, ನಾ ಲೋಟ ತೊಳಿಯಂಗಿಲ್ಲ.”

ಹುಡುಗಿ ನಕ್ಕಳು. ಲೋಟ ಖಾಲಿ ಮಾಡಿ, ಎದ್ದು, ಆಯಾಳ ಜೊತೆ ಒಳಗೆ ಹೋದಳು. ದೂರದಲ್ಲಿದ್ದೂ ಹಿರಿಯ ಸಿಸ್ಟರ್ ಈ ವಾರ್ಡು ನಡೆಸುತ್ತಿದ್ದಾರೆ ಎನಿಸಿತು. ಜೀವಮಾನದಲ್ಲಿ ಮೊದಲ ಸಲ ನಿಶ್ಚಿಂತೆಯಿಂದ ಬಸ್ಸು ಹತ್ತಿದೆ.

ಮೋಟೆಬೆನ್ನೂರಿನ ಹತ್ತಿರ ಫೋನು ಬಂತು. ಹುಡುಗಿಯದೇ.

“ಅಣ್ಣಾರ, ಗುಳಿಗಿ ಕಪಾಟಿನ ಕೀಲಿ ಎಲ್ಲಿ ಐತ್ರಿ?”

ಕಿಸೆ ಮುಟ್ಟಿ ನೋಡಿಕೊಂಡು, ನನ್ನ ಹತ್ತಿರವೇ ಇದೆ ಎಂದೆ.

“ನಾಕಕ್ಕ ಆಕಿಗೆ ನಾನ ಗುಳಿಗಿ ಕೊಡಬೇಕು. ಲಗೂ ಬರ್ರಿ. ನಾಳೆ ಲೋಟ ನೀವ ತೊಳೀರಿ, ನಾ ನಿಂತು ನೋಡ್ತೇನಿ.”

ಇಳಿದು, ರಸ್ತೆ ದಾಟಿ, ಹಾವೇರಿ ಬಸ್ಸಿಗೆ ಕೈ ಮಾಡಿದೆ.