ಗಂಟಿನ ಕೆಳಗಿನ ಚಿಗುರು

ಕೋಟನೂರಿನ ಕಡೆ ನಮ್ಮ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗ ಬರೀ ಜಾಲಿ ಬೆಳೆದು ನಿಂತಿತ್ತು. ಮನೆಗೊಬ್ಬರಂತೆ ಸೇರಿ ಅದನ್ನೇ ತೋಟ ಮಾಡಿಕೊಂಡೆವು. ಮಳೆಗಾಲ ಹಿಡಿದ ಮೇಲೆ ಊರೊಳಗಿನ ರೋಜಾ ಬಡಾವಣೆಯಿಂದ ಒಬ್ಬ ಹಿರಿಯರು ಭಾನುವಾರಕ್ಕೊಮ್ಮೆ ಬಂದು ಗಿಡಕ್ಕೆ ಕಸಿ ಕಟ್ಟುವುದನ್ನು ಕಲಿಸತೊಡಗಿದರು. ಮೊದಲು ಎಲ್ಲೋ ನರ್ಸರಿಯಲ್ಲಿ ಮಾಲಿಯಾಗಿದ್ದವರು. ನಮಗೆಲ್ಲ ಅವರು ಚಾಚಾ.

ಮೊದಲ ದಿನ ಹೊರಡುವಾಗ, ಮುಂದಿನ ವಾರ ಎಲ್ಲರೂ ಅವರವರ ಕಲಮು ತರಬೇಕು ಎಂದರು. ಕಲಮು ಅಂದರೆ ಪೆನ್ನೆಂದೇ ತಿಳಿದು ನಾನು ಪೆನ್ನಿಗೆ ನೀಲಿ ಶಾಯಿ ತುಂಬಿಸಿಕೊಂಡು ಹೋದೆ. ಪಾಠಕ್ಕೆ ಬರಿಗೈಯಲ್ಲಿ ಹೋಗಬಾರದು ಎಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದು ಇನ್ನೂ ಬಿಟ್ಟುಹೋಗಿಲ್ಲ. ಹೋಗಿ ನೋಡಿದರೆ ಉಳಿದವರ ಕೈಯಲ್ಲೆಲ್ಲ ಮಾವಿನ ಕಡ್ಡಿ, ಪೇರಲ ಕಡ್ಡಿ. ಕಸಿಗೆ ತರುವ ಕಡ್ಡಿಗೇ ಅವರು ಕಲಮು ಅನ್ನುವುದು. ಚಾಚಾ ನನ್ನ ಪೆನ್ನನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದನ್ನ ಕಟ್ಟಿದ್ರ ಏನು ಬಿಡ್ತದ್ರೀ ಅಕ್ಕಾರ, ಕಾಗದಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವ್ವ ಹೋದ ಮೇಲೆ ನಕ್ಕದ್ದು ಅದೇ ಮೊದಲು.

ನಾನು ಕಲಿಯಲು ಹೋದದ್ದೂ ಅವ್ವನ ಸಲುವಾಗಿಯೇ. ಕಮಲಾಪುರದ ಅವ್ವನ ಮನೆಯಲ್ಲಿ ಇನ್ನು ಇರುವವರು ಯಾರೂ ಇಲ್ಲವೆಂದು ಅಣ್ಣ ಅದನ್ನು ಮಾರಿದ್ದ. ಕೊಂಡವರು ಒಳ್ಳೆಯವರೇ. ದಸರೆ ಮುಗಿದ ಮೇಲೆ ಬುನಾದಿ ತೋಡುತ್ತೇವೆ, ಹಿತ್ತಲ ಮಾವಿನ ಗಿಡ ತೆಗೆಯಲೇಬೇಕಾಗುತ್ತದೆ ಎಂದು ಮೊದಲೇ ಹೇಳಿದ್ದರು. ಅದಕ್ಕೆ ಜಾತಿಯ ಹೆಸರಿರಲಿಲ್ಲ. ಕಾಯಿ ಹಲ್ಲು ಜುಮ್ಮೆನ್ನುವಷ್ಟು ಹುಳಿ, ಉಪ್ಪಿನಕಾಯಿಗೆ ಬಿಟ್ಟು ಬೇರಾವುದಕ್ಕೂ ಬರುತ್ತಿರಲಿಲ್ಲ. ಸಹಿ ಹಾಕಿ ಬಂದ ದಿನ ಅಣ್ಣ ನಮ್ಮ ಮನೆಗೆ ಬಂದು ಚಹಾ ಕುಡಿದ. ಆಮೇಲೆ, ನಿಮ್ಮ ತೋಟದಲ್ಲಿ ಏನೋ ಕಲಿಸುತ್ತಾರಂತಲ್ಲ, ಆ ಗಿಡವನ್ನಾದರೂ ಉಳಿಸು ಎಂದ.

ಚಾಚಾ ಹೇಳಿದಂತೆ ಎರಡು ಸಲ ಕಮಲಾಪುರಕ್ಕೆ ಹೋದೆ. ಮೊದಲ ಸಲ ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಹುಡುಕಿ, ಎಲೆ ಮಾತ್ರ ಕತ್ತರಿಸಿ, ಕಡ್ಡಿಗಳನ್ನು ಗಿಡದಲ್ಲೇ ಬಿಟ್ಟು ಬಂದೆ. ಎಂಟು ದಿನ ಬಿಟ್ಟು ಮೊಗ್ಗು ಉಬ್ಬಿದ ಐದು ಕಡ್ಡಿಗಳನ್ನು ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದೆ. ಬಸ್ಸು ಮಹಾಗಾಂವ ದಾಟುವವರೆಗೂ ಬಿಸಿಲು ನನ್ನ ಕಡೆಯೇ ಇತ್ತು. ಮಡಿಲಲ್ಲಿದ್ದ ಆ ಬಟ್ಟೆಯ ಸುರುಳಿಗೆ ಸೆರಗು ಹೊದಿಸಿಕೊಂಡು ಕೂತಿದ್ದೆ. ಪಕ್ಕದ ಹೆಂಗಸು, ಕೂಸು ಎಷ್ಟು ತಿಂಗಳದ್ದು ಎಂದು ಕೇಳಿದಳು.

ಜ್ಯೂಸ್ ಅಂಗಡಿಯವರು ಎಸೆದ ಮಾವಿನ ಓಟೆಗಳಿಂದ, ಅಂದರೆ ಗೊರಟುಗಳಿಂದ, ಎಬ್ಬಿಸಿದ ಸಸಿಗಳ ತಲೆ ಕತ್ತರಿಸಿ, ನಡುವೆ ಸೀಳಿ, ಬೆಣೆಯಂತೆ ಕೆತ್ತಿದ ಅವ್ವನ ಕಡ್ಡಿಯನ್ನು ಅದರೊಳಗೆ ಇಳಿಸಿದೆ. ಪ್ಲಾಸ್ಟಿಕ್ ಪಟ್ಟಿ ಬಿಗಿದು, ಮೇಲೆ ಐಸ್ ಕ್ಯಾಂಡಿಯ ಕವರಿನ ಟೊಪ್ಪಿಗೆ ತೊಡಿಸಿದೆ. ಹಳೆಯ ದಿಂಬಿನ ಬಟ್ಟೆ ಹರಿದು, ಅದೇ ಪೆನ್ನಿನಿಂದ 'ಅವ್ವ' ಎಂದು ಬರೆದು ಒಂದೊಂದು ಕಡ್ಡಿಗೂ ಚೀಟಿಯಂತೆ ಕಟ್ಟಿದೆ. ಇಪ್ಪತ್ತು ದಿನ ಗಂಟು ಮುಟ್ಟಬಾರದು ಎಂದು ಚಾಚಾ ಎರಡು ಸಲ ಹೇಳಿದರು.

ಮುಟ್ಟಿದೆ. ಅವ್ವನ ಕೊನೆಯ ವರ್ಷ, ಸಕ್ಕರೆ ಕಾಯಿಲೆಯಿಂದ ಅವಳ ಕಾಲಿನಲ್ಲಾದ ಹುಣ್ಣಿಗೆ ದಿನಾ ಬೆಳಿಗ್ಗೆ ಪಟ್ಟಿ ಬಿಚ್ಚಿ ಕಟ್ಟುತ್ತಿದ್ದವಳು ನಾನು. ಗಾಯಕ್ಕೆ ಗಾಳಿ ಬೇಕು, ಕೊಳೆಯಬಾರದು. ಅದೊಂದೇ ನನ್ನ ಕೈಗೆ ಗೊತ್ತಿದ್ದ ವಿದ್ಯೆ. ನೀರು ಹಾಕಲು ಹೋದಾಗಲೆಲ್ಲ ಒಂದೊಂದು ಗಂಟು ಸಡಿಲಿಸಿ, ನೋಡಿ, ಮತ್ತೆ ಕಟ್ಟುತ್ತಿದ್ದೆ. ಹಸಿರಾಗಿಯೇ ಇದೆ ಎಂದು ಸಮಾಧಾನವಾಗುತ್ತಿತ್ತು.

ನಾಲ್ಕು ಕಪ್ಪಾದವು. ಐದನೆಯದರಲ್ಲಿ ತಾಮ್ರದ ಬಣ್ಣದ ಚಿಗುರು ಬಂತು. ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ. ಅಷ್ಟರಲ್ಲಿ ದಸರೆಯೂ ಮುಗಿದು ಕಮಲಾಪುರದ ಗಿಡ ಉರುಳಿತ್ತು.

ಚಾಚಾ ಹುಷಾರಿಲ್ಲದೆ ಎರಡು ತಿಂಗಳು ಬಂದಿರಲಿಲ್ಲ. ಬಂದ ದಿನ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತರು. ಪಟ್ಟಿಯ ಹೊಸ ಮಡಿಕೆ, ಹಳೆ ಮಡಿಕೆ ಎಲ್ಲ ಅವರಿಗೆ ಕಂಡಿತು.

"ಬಿಚ್ಚಿ ಬಿಚ್ಚಿ ನೋಡೀರಿ ಹೌದಿಲ್ಲೋ?"

ತಲೆ ಆಡಿಸಿದೆ.

"ಚಿಗುರು ಗಂಟಿನ ಕೆಳಗ ಬಂದದ ಬೇಟಿ. ಇದು ಓಟೆದ್ದು. ನಿಮ್ಮ ಅವ್ವಂದಲ್ಲ."

ಅವರು ಬೆರಳು ತಾಗಿಸಿದ್ದೇ ತಡ, ಮೇಲಿನ ಕಡ್ಡಿ ಒಣ ಸೌದೆಯಂತೆ ಟಕ್ಕನೆ ಮುರಿದು ಚೀಟಿಯ ಸಮೇತ ಕೆಳಗೆ ಬಿತ್ತು. ಎರಡು ತಿಂಗಳು ನಾನು ನೀರು ಹಾಕಿ, ಎಲೆ ಒರೆಸಿ, ಮಾತಾಡಿಸಿದ್ದು ಯಾವುದೋ ಜ್ಯೂಸ್ ಅಂಗಡಿಯಲ್ಲಿ ಬಿಸಾಡಿದ ಓಟೆಯನ್ನು. ಮತ್ತೆ ಕಟ್ಟೋಣವೆಂದರೆ ಕಲಮು ತರಲು ಗಿಡವೇ ಇರಲಿಲ್ಲ.

ಹೇಳಬೇಕೆಂದುಕೊಂಡರೂ ಅಣ್ಣನಿಗೆ ಹೇಳಲಾಗಲಿಲ್ಲ. ಮರುವಾರ ಅವನೇ ತೋಟಕ್ಕೆ ಬಂದ. ಚಪ್ಪಲಿ ಹೊರಗೆ ಬಿಟ್ಟು, ಮುಳ್ಳು ನೋಡಿಕೊಂಡು ಬರಿಗಾಲಲ್ಲಿ ಬಂದ.

"ಇದಾ ಏನು ಅವ್ವನ ಗಿಡ?"

ಸ್ವಲ್ಪ ದೂರದಲ್ಲಿ ಚಾಚಾ ಪೇರಲಕ್ಕೆ ಮಣ್ಣು ಏರಿಸುತ್ತಿದ್ದರು. ಅವರ ಕೈ ನಿಂತದ್ದು ಕಂಡಿತು.

"ಹೂಂ, ಇದಾ" ಎಂದೆ.

ಅಣ್ಣ ಒಂದು ಎಲೆ ಕಿತ್ತು, ಅಂಗೈಯಲ್ಲಿ ಹೊಸಕಿ, ಮೂಗಿಗೆ ಹಿಡಿದ. ಬಹಳ ಹೊತ್ತು ಹಿಡಿದಿದ್ದ. "ಅದಾ ವಾಸನಿ ನೋಡು" ಎಂದು ನನ್ನ ಮುಂದೆಯೂ ಹಿಡಿದ. ನಾನೂ ಮೂಸಿದೆ.

ಅವನು ನಲ್ಲಿಗೆ ಕೈ ತೊಳೆಯಲು ಹೋದಾಗ ಚಾಚಾ ಎದ್ದು ಬಂದರು. ಮಣ್ಣಿನಲ್ಲಿ ಬಿದ್ದಿದ್ದ ಚೀಟಿಯನ್ನು ಎತ್ತಿ ಹೆಬ್ಬೆರಳಿನಿಂದ ಒರೆಸಿದರು. ಮಳೆಗೆ ಅಕ್ಷರ ಹೋಗಿ ಬರೀ ನೀಲಿ ಕಲೆ ಉಳಿದಿತ್ತು. ಅದನ್ನು ಹೊಸ ಟೊಂಗೆಗೆ ಕಟ್ಟುತ್ತ, ನನ್ನ ಮುಖ ನೋಡದೆ, "ಸಡ್ಲಾಗಿ ಕಟ್ಟಬೇಕ್ರಿ. ಗಿಡ ದಪ್ಪ ಆಗ್ತದ" ಎಂದರು.