ತಮ್ಮ ತಂದ ಗಾಳಿ

ದೆವ್ವ, ಪವಾಡ, ಕನಸಿನಲ್ಲಿ ಯಾರೋ ಬಂದು ಹೇಳಿದ ಮಾತು, ಇಂಥವನ್ನೆಲ್ಲ ಕೇಳಿದರೆ ಎದ್ದು ಹೋಗುತ್ತಿದ್ದವಳು ನಾನು. ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಈಗಲೂ ಅವನ್ನು ನಂಬುತ್ತೇನೆಂದು ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ, ಅಷ್ಟೆ.

ಶಹಾಪುರದ ನಮ್ಮ ಮನೆಯ ವೈರಿಂಗ್ ಅಪ್ಪನ ಕಾಲದ್ದು. ಕೂಲರ್ ಹಚ್ಚಿದಾಗಲೆಲ್ಲ ಸ್ವಿಚ್‌ಬೋರ್ಡಿನಿಂದ ಸುಟ್ಟ ವಾಸನೆ ಬರತೊಡಗಿದ್ದರಿಂದ ಬೇಸಿಗೆ ರಜೆಯಲ್ಲಿ ಎಲ್ಲವನ್ನೂ ಹೊಸದಾಗಿ ಮಾಡಿಸಲು ಹೊರಟೆ. ಮನೆಯಲ್ಲಿ ಇದ್ದದ್ದು ನಾನು ಮತ್ತು ಹಾಸಿಗೆ ಹಿಡಿದ ಅವ್ವ. ಖಾಜಾಸಾಬ ಎಂಬ ಮಿಸ್ತ್ರಿ ಗೋಡೆ ಕೊರೆಯತೊಡಗಿದ. ಅನ್ನದಲ್ಲಿ ಸಿಮೆಂಟಿನ ಪುಡಿ, ದಿಂಬಿನ ಮೇಲೆ ಪುಡಿ. ಅವ್ವನ ಮಂಚವನ್ನು ಪಡಸಾಲೆಗೆ ಎಳೆದು, ಬೀಸಣಿಗೆ ಹಿಡಿದು ಪಕ್ಕದಲ್ಲಿ ಕೂತೆ. ಬಲಗೈ ಸೋತರೆ ಎಡಗೈ. ಅವ್ವ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದದ್ದು ಒಂದೇ ಮಾತು: "ಬಸು ಯಾವಾಗ ಬರ್ತಾನ?"

ಬಸು ನನ್ನ ತಮ್ಮ. ನೌಕರಿಯಿಂದಾಗಿ ನಾರಾಯಣಪುರದ ಕ್ವಾರ್ಟರ್ಸಿನಲ್ಲಿದ್ದಾನೆ. ಯಾವಾಗಲೋ ಒಮ್ಮೆ ಬಂದು, ಸ್ವಲ್ಪ ಹೊತ್ತು ಅವ್ವನ ಕಾಲೊತ್ತಿ ಹೋಗುತ್ತಾನೆ. ಅಷ್ಟಕ್ಕೇ ಅವಳು ವಾರಗಟ್ಟಲೆ ಅವನ ಮಾತೇ ಆಡುತ್ತಾಳೆ. ದಿನಾ ಮೈ ಒರೆಸುವ ನನ್ನ ಬಗ್ಗೆ ಯಾರ ಮುಂದೆಯೂ ಒಂದು ಮಾತು ಆಡಿದವಳಲ್ಲ. ನನಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಖಾಜಾಸಾಬ ಮೀಟರಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು, ಪಡಸಾಲೆಯ ಹಳೆಯ ವೈರನ್ನೆಲ್ಲ ಎಳೆದು ಹಾಕಿದ್ದ. ಫ್ಯಾನು ಕೊಂಡಿಗೆ ಸುಮ್ಮನೆ ನೇತಾಡುತ್ತಿತ್ತು. ಹೊರಗೆ ಬೇವಿನ ಎಲೆಯೂ ಅಲುಗುತ್ತಿರಲಿಲ್ಲ. ಆಗ ಬಸು ಬಂದ. ಚಪ್ಪಲಿ ಬಿಟ್ಟು ಒಳಬಂದು, "ಅವ್ವಾ, ಹೆಂಗಿದ್ದಿ?" ಎನ್ನುತ್ತ ಮಂಚದ ತುದಿಗೆ ಕೂತು ಅವಳ ಕಾಲು ಒತ್ತತೊಡಗಿದ.

ಫ್ಯಾನು ತಿರುಗಿತು.

ಮೊದಲು ಮೆಲ್ಲಗೆ, ಆಮೇಲೆ ರೆಕ್ಕೆ ಕಾಣದಷ್ಟು ಜೋರಾಗಿ. ಅವ್ವನ ಹಣೆಯ ಮೇಲಿನ ಬಿಳಿಗೂದಲು ಹಾರಿತು. ನನ್ನ ಕುತ್ತಿಗೆಯ ಬೆವರು ತಣ್ಣಗಾಯಿತು. ಅವ್ವ ಕಣ್ಣು ತೆರೆದು ನಕ್ಕಳು. "ನೋಡು, ನನ್ನ ಮಗ ಬಂದ. ಗಾಳಿ ತಂದಾನ."

ಬೀಸಣಿಗೆ ಇನ್ನೂ ನನ್ನ ಕೈಯಲ್ಲೇ ಇತ್ತು. ಹೆದರಿಕೆಗಿಂತ ಮೊದಲು ನನಗೆ ಬಂದದ್ದು ಅಳು. ಬಸು ಹೆಚ್ಚು ಹೊತ್ತು ಕೂಡಲಿಲ್ಲ. ಅವನು ಎದ್ದು ಹೊಸ್ತಿಲು ದಾಟಿದಂತೆ ಫ್ಯಾನು ನಿಧಾನವಾಗಿ ನಿಂತಿತು.

ಅಡುಗೆಮನೆಯಲ್ಲಿದ್ದ ಖಾಜಾಸಾಬನನ್ನು ಕರೆದು ಹೇಳಿದೆ. ಅವನು ಸ್ಟೂಲು ಹತ್ತಿ ನೋಡಿ, ಕೆಳಗಿಳಿದು ಜೇಬಿನಿಂದ ಫ್ಯೂಸ್ ತೆಗೆದು ತೋರಿಸಿದ. "ಲೈನೇ ಇಲ್ರಿ ಟೀಚರ್. ಇದು ಹೆಂಗ ತಿರಗತದ್ರಿ? ಬಿಸಲಿಗಿ ನಿಮಗ ಚಕ್ಕರ್ ಬಂದಿರಬೇಕು."

ಅವನು ಒಳಗೆ ಹೋದ ಮೇಲೆ ನಾನು ಬಾಗಿಲಾಚೆ ಹೋಗಿ ನಿಂತೆ. ಚಪ್ಪಲಿ ಬಿಟ್ಟು ಒಳಬಂದೆ. ಮಂಚದ ತುದಿಗೆ, ಬಸು ಕೂತಲ್ಲೇ ಕೂತು ಅವ್ವನ ಕಾಲು ಒತ್ತುತ್ತ, "ಅವ್ವಾ, ಹೆಂಗಿದ್ದಿ?" ಎಂದೆ. ಮೇಲೆ ನೋಡಿದೆ. ರೆಕ್ಕೆ ಅಲುಗಲಿಲ್ಲ.

ಅವ್ವ ಕಣ್ಣು ತೆರೆಯದೆ, "ಬೀಸೂದು ಯಾಕ ಬಿಟ್ಟಿ?" ಎಂದಳು.

ಸಂಜೆ ಬಸುಗೆ ಫೋನು ಮಾಡಿದೆ. ಅವನು ನಕ್ಕ. "ಎಲ್ಲಿ ಗಾಳಿ ಅಕ್ಕಾ? ಧಗಿಗಿ ನನ್ನ ಅಂಗಿ ಪೂರಾ ತೊಯ್ದಿತ್ತು. ಅದಕ್ಕ ಲಗೂನ ಎದ್ದು ಬಂದೆ." ನನಗೂ ಅವ್ವನಿಗೂ ತಾಗಿದ ಗಾಳಿ ಅವನಿಗೆ ತಾಗಿರಲೇ ಇಲ್ಲ.

ಅದು ಏನೆಂದು ನನಗೆ ಇಂದಿಗೂ ತಿಳಿದಿಲ್ಲ. ಎಷ್ಟು ಯೋಚಿಸಿದರೂ ನಾನು ಕಲಿಸುವ ಪಾಠದಲ್ಲಿ ಅದಕ್ಕೆ ಉತ್ತರ ಸಿಗುವುದಿಲ್ಲ. ಅವ್ವ ಮಾತ್ರ ನೋಡಲು ಬಂದವರಿಗೆಲ್ಲ ಮಗ ತಂದ ಗಾಳಿಯ ಸುದ್ದಿ ಹೇಳುತ್ತಾಳೆ. ಅವಳು ಶುರು ಮಾಡಿದ ಕೂಡಲೆ ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಹೋಗುತ್ತೇನೆ.